ಎರಡು ಗಂಟೆಗೆ ಅಡುಗೆಮನೆ ಮುಚ್ಚುತ್ತದೆ

ಜರ್ಮನಿಯ ಸಣ್ಣ ಊರುಗಳಲ್ಲಿ ಹೋಟೆಲಿನ ಅಡುಗೆಮನೆ ಮಧ್ಯಾಹ್ನ ಎರಡು ಗಂಟೆಗೆ ಮುಚ್ಚುತ್ತದೆ. ಮತ್ತೆ ಒಲೆ ಹಚ್ಚುವುದು ಸಂಜೆ ಐದೂವರೆಗೋ ಆರಕ್ಕೋ. ನಡುವೆ ನೀವು ಎಷ್ಟೇ ದೂರದಿಂದ ಬಂದಿರಿ, ಎಷ್ಟೇ ಹಸಿದಿರಿ, ಸಿಗುವುದು ಕಾಫಿ ಮತ್ತು ಕೇಕು. ಸೋಮವಾರ ಬಹಳ ಕಡೆ ರಜೆ, ಕೆಲವು ಕಡೆ ಮಂಗಳವಾರವೂ. ಭಾನುವಾರ ಅಂಗಡಿಗಳೆಲ್ಲ ಬಂದ್, ಬೇಕರಿ ಮಾತ್ರ ಬೆಳಿಗ್ಗೆ ಕೆಲವು ಗಂಟೆ ತೆರೆದಿರುತ್ತದೆ. ಕಾರಿನಲ್ಲಿ ಹೋಗುವವರಿಗೆ ಇದು ದೊಡ್ಡ ವಿಷಯವಲ್ಲ, ಮುಂದಿನ ಊರು ಹತ್ತು ನಿಮಿಷ. ಸೈಕಲ್ಲಿನವರಿಗೆ ಮುಂದಿನ ಊರು ಅಂದರೆ ಇನ್ನೊಂದು ಗಂಟೆ, ನಡುವೆ ಒಂದು ಗುಡ್ಡ.

ಅದಕ್ಕೇ ನೆಕರ್ ನದಿಗುಂಟ ಸೈಕಲ್ಲಿನಲ್ಲಿ ಹೊರಟಾಗ ನಾವು ನೋಡಬೇಕಾದ ಜಾಗಗಳ ಪಟ್ಟಿ ಮಾಡಲಿಲ್ಲ. ಎಲ್ಲಿ, ಎಷ್ಟು ಹೊತ್ತಿಗೆ ತಿನ್ನುವುದು ಅಂತ ಮೊದಲು ನೋಡಿಕೊಂಡೆವು. ಅದರ ಅಕ್ಕಪಕ್ಕ ಏನಿದೆಯೋ ಅದನ್ನು ನೋಡುವುದು ಅಂತ ತೀರ್ಮಾನ ಮಾಡಿದೆವು. ಕೋಟೆ, ಮ್ಯೂಸಿಯಂ, ಕವಿಯ ಮನೆ ಎಲ್ಲ ಆಮೇಲೆ. ಈಗ ಯಾರಾದರೂ ಕೇಳಿದರೆ ಇದೇ ಸರಿಯಾದ ಕ್ರಮ ಅಂತ ಹೇಳುತ್ತೇನೆ.

ನಾವು ಅಂದರೆ ನಾನು ಮತ್ತು ನಮ್ಮ ಭಾವ. ಅಕ್ಕನ ಗಂಡ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ ಮುಗಿಸಿ ನಿವೃತ್ತರಾದವರು, ದಿನಾ ಬೆಳಿಗ್ಗೆ ಸೈಕಲ್ ತುಳಿಯುವ ಅಭ್ಯಾಸ ಇರುವವರು. ಮಾಂಸ, ಮೀನು ಮುಟ್ಟುವುದಿಲ್ಲ. ಮೊಟ್ಟೆ ಮಾತ್ರ ಪರದೇಶದಲ್ಲಿ ನಡೆಯುತ್ತದೆ, ಅದೂ ಕಣ್ಣಿಗೆ ಕಾಣದ ಹಾಗೆ ಯಾವುದರಲ್ಲಾದರೂ ಸೇರಿಕೊಂಡಿದ್ದರೆ. ಅಕ್ಕ ಸ್ಟುಟ್‌ಗಾರ್ಟ್ ಹತ್ತಿರದ ನಮ್ಮ ಮನೆಯಲ್ಲೇ ಉಳಿದಳು. "ನೀವಿಬ್ರೂ ತುಳ್ಕೊಂಡು ಬನ್ನಿ, ನಾನು ರೈಲಲ್ಲಿ ಬಂದು ಹೈಡೆಲ್‌ಬರ್ಗ್‌ನಲ್ಲಿ ಸಿಗ್ತೀನಿ" ಅಂದಳು. ಮೂವರಲ್ಲಿ ಜಾಣತನ ಇದ್ದದ್ದು ಅವಳಿಗೆ.

ನೆಕರ್ ಹುಟ್ಟುವುದು ಶ್ವೆನಿಂಗನ್ ಊರಿನ ಪಕ್ಕದ ಒಂದು ಜವುಗು ನೆಲದಲ್ಲಿ, ಸುಮಾರು 700 ಮೀಟರ್ ಎತ್ತರದಲ್ಲಿ. ಈ ಜವುಗಿನ ಒಂದು ಬದಿಯ ನೀರು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಬದಿಯದು ನೆಕರ್ ಆಗಿ, ಮಾನ್‌ಹೈಮ್‌ನಲ್ಲಿ ರೈನ್ ನದಿಯನ್ನು ಕೂಡಿ ಉತ್ತರ ಸಮುದ್ರಕ್ಕೆ. ಹುಟ್ಟಿದ ಜಾಗದಿಂದ ಮಾನ್‌ಹೈಮ್‌ವರೆಗೆ ಸೈಕಲ್ ದಾರಿ ಸುಮಾರು 370 ಕಿಲೋಮೀಟರ್. ನದಿ 600 ಮೀಟರ್ ಇಳಿಯುತ್ತದೆ, ಹಾಗಾಗಿ ನಾವೂ ಸುಮ್ನೆ ಇಳಿದುಕೊಂಡು ಹೋಗಬಹುದು ಅಂತ ನಕ್ಷೆ ನೋಡಿದರೆ ಅನ್ನಿಸುತ್ತದೆ. ನಂಬಬೇಡಿ. ಮೇಲಿನ ಭಾಗದಲ್ಲಿ ಕಣಿವೆ ಕಿರಿದಾದಲ್ಲೆಲ್ಲ ದಾರಿ ಗುಡ್ಡ ಹತ್ತಿಸುತ್ತದೆ. ಭಾವನಿಗೆ ಬಾಡಿಗೆಗೆ ಬ್ಯಾಟರಿ ಸೈಕಲ್ ತೆಗೆದುಕೊಂಡಿದ್ದೆವು. ನನ್ನದು ಮಾಮೂಲಿ. ಏರು ಬಂದಾಗೆಲ್ಲ ಅರವತ್ತು ದಾಟಿದ ಅವರು ಮುಂದೆ, ಏದುಸಿರು ಬಿಡುತ್ತ ನಾನು ಹಿಂದೆ. ಮೇಲೆ ನಿಂತು ಕಾಯುತ್ತಿದ್ದರು, ಮುಖದಲ್ಲಿ ಕರುಣೆ ಇಟ್ಟುಕೊಂಡು.

ಮೊದಲ ದೊಡ್ಡ ಊರು ರಾಟ್‌ವೈಲ್. ಹೌದು, ನಾಯಿಯ ರಾಟ್‌ವೈಲ್. ಇಲ್ಲಿನ ಕಸಾಯಿಗಳು ದನ ಅಟ್ಟಲು, ಗಾಡಿ ಎಳೆಸಲು ಸಾಕುತ್ತಿದ್ದ ತಳಿ ಅದು. ಕ್ರಿ.ಶ. 73ರಲ್ಲಿ ರೋಮನ್ನರು ನೆಲೆ ಹಾಕಿದ ಜಾಗ, ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲೇ ಅತಿ ಹಳೆಯ ಪಟ್ಟಣ ಅನ್ನುವ ಹೆಮ್ಮೆ ಊರಿಗಿದೆ. ಊರಾಚೆ 246 ಮೀಟರ್ ಎತ್ತರದ ಒಂದು ಗೋಪುರ ಇದೆ. ಲಿಫ್ಟುಗಳನ್ನು ಪರೀಕ್ಷೆ ಮಾಡಲೆಂದೇ ಕಟ್ಟಿದ್ದು. 232 ಮೀಟರ್ ಎತ್ತರಕ್ಕೆ ಹೋಗಿ ಸುತ್ತ ನೋಡಬಹುದು. "ಪರೀಕ್ಷೆ ಪಾಸಾದ ಲಿಫ್ಟಾದ್ರೆ ಹತ್ತೋಣ, ಪರೀಕ್ಷೆ ನಡೀತಿರೋದು ಬೇಡ ಕಣೋ" ಅಂದರು ಭಾವ. ನೇರ ಬೇಕರಿಗೆ ಹೋದೆವು.

ಬೇಕರಿ ಬಗ್ಗೆ ಸ್ವಲ್ಪ ಹೇಳಲೇಬೇಕು. ಜರ್ಮನಿಯಲ್ಲಿ ದಾಖಲಾಗಿರುವ ಬ್ರೆಡ್ಡಿನ ಬಗೆಗಳೇ ಮೂರು ಸಾವಿರಕ್ಕೂ ಹೆಚ್ಚು. ಸೈಕಲ್ ತುಳಿಯುವವನಿಗೆ ಅದರಲ್ಲಿ ಒಂದು ಸಾಕು, ಬ್ರೆಟ್ಸೆಲ್. ಕೈಕಟ್ಟಿ ಕೂತ ಹಾಗೆ ತಿರುಚಿದ, ಕಂದು ಬಣ್ಣದ, ಮೇಲೆ ಹರಳುಪ್ಪು ಉದುರಿಸಿದ ತಿಂಡಿ. ಬೇಯಿಸುವ ಮುಂಚೆ ಹಿಟ್ಟನ್ನು ಕ್ಷಾರದ ನೀರಲ್ಲಿ ಅದ್ದುತ್ತಾರೆ. ಆ ಬಣ್ಣ, ಆ ಘಮ ಬರುವುದು ಅದರಿಂದ. ದಕ್ಷಿಣ ಜರ್ಮನಿಯ ಈ ಭಾಗಕ್ಕೆ ಶ್ವಾಬೆನ್ ಅನ್ನುತ್ತಾರೆ. ಇಲ್ಲಿನ ಬ್ರೆಟ್ಸೆಲ್‌ಗೆ ಕೆಳಗೆ ದಪ್ಪ ಹೊಟ್ಟೆ, ಹೊಟ್ಟೆಯ ಮೇಲೆ ಉದ್ದಕ್ಕೆ ಒಂದು ಸೀಳು. ತೋಳು ತೆಳ್ಳಗೆ, ಗರಿಗರಿ. ಪಕ್ಕದ ಬವೇರಿಯಾದಲ್ಲಿ ಸೀಳು ಇರುವುದಿಲ್ಲ, ತೋಳೂ ದಪ್ಪ. ಯಾವುದು ಮೇಲು ಅಂತ ಇಲ್ಲಿನವರ ಹತ್ತಿರ ಕೇಳಬೇಡಿ, ಅರ್ಧ ಗಂಟೆ ಹೋಗುತ್ತದೆ. ಹೊಟ್ಟೆ ಸೀಳಿ ತಣ್ಣನೆ ಬೆಣ್ಣೆ ಹಚ್ಚಿ ಕೊಡುವುದಕ್ಕೆ ಬಟರ್‌ಬ್ರೆಟ್ಸೆಲ್ ಅಂತ ಹೆಸರು. ಬೆವರಿದ ಮೈಗೆ ಬೇಕಾದ ಉಪ್ಪು, ಕಾಲಿಗೆ ಬೇಕಾದ ಹಿಟ್ಟು, ಮನಸ್ಸಿಗೆ ಬೇಕಾದ ಬೆಣ್ಣೆ ಎಲ್ಲ ಅದರಲ್ಲೇ ಇದೆ. ಈ ಪ್ರವಾಸದಲ್ಲಿ ನಾವು ಎಲ್ಲಕ್ಕಿಂತ ಜಾಸ್ತಿ ತಿಂದದ್ದು ಇದನ್ನೇ. ಬೇಜಾರೇನೂ ಆಗಲಿಲ್ಲ.

ಸುಲ್ಸ್, ಹೋರ್ಬ್, ರೋಟನ್‌ಬುರ್ಗ್. ಈ ಊರುಗಳೆಲ್ಲ ಚೆಂದ, ಆದರೆ ನೆನಪಿನಲ್ಲಿ ಒಂದರೊಳಗೊಂದು ಕಲಸಿಹೋಗಿವೆ. ಚರ್ಚಿನ ಗೋಪುರ, ಸೇತುವೆ, ಕಿಟಕಿಯಲ್ಲಿ ಕೆಂಪು ಜೆರೇನಿಯಂ.

ಟ್ಯೂಬಿಂಗನ್ ಹಾಗಲ್ಲ. ಕನ್ನಡದವರು ಈ ಊರಿಗೆ ಬಂದರೆ ಸುಮ್ಮನೆ ಹೋಗುವ ಹಾಗೇ ಇಲ್ಲ. ಹರ್ಮನ್ ಮೋಗ್ಲಿಂಗ್ ದೇವತಾಶಾಸ್ತ್ರ ಓದಿದ್ದು ಇಲ್ಲಿ. 1836ರಲ್ಲಿ ಮಂಗಳೂರಿಗೆ ಬಂದು, 1843ರ ಜುಲೈ 1ರಂದು 'ಮಂಗಳೂರು ಸಮಾಚಾರ' ಶುರು ಮಾಡಿದವರು, ಕನ್ನಡದ ಮೊದಲ ಪತ್ರಿಕೆ ಅದು. ನಿಘಂಟಿನ ಕಿಟೆಲ್ ಕೊನೆಯ ವರ್ಷಗಳನ್ನು ಕಳೆದದ್ದೂ ಇದೇ ಊರಲ್ಲಿ. 1894ರಲ್ಲಿ ನಿಘಂಟು ಅಚ್ಚಾಯಿತು, 1903ರಲ್ಲಿ ಅವರು ಇಲ್ಲೇ ತೀರಿಕೊಂಡರು. ಭಾವನಿಗೆ ಕಿಟೆಲ್ ನಿಘಂಟು ಅಂದರೆ ಭಕ್ತಿ. ಅವರ ತಂದೆ ಮೇಷ್ಟ್ರು, ಮನೆಯಲ್ಲಿ ಒಂದು ಪ್ರತಿ ಇತ್ತಂತೆ. "ಇಷ್ಟು ತಣ್ಣಗಿನ ಊರಲ್ಲಿ ಕೂತು ಆ ಮನುಷ್ಯ ಹೋಳಿಗೆ ಅನ್ನೋ ಪದಕ್ಕೆ ಅರ್ಥ ಬರೆದಿದ್ರೆ ಎಷ್ಟು ಕಷ್ಟ ಆಗಿರ್ಬೇಕು ನೋಡು" ಅಂದರು. ನಿಘಂಟಿನ ಬಹುಪಾಲು ಕೆಲಸ ನಡೆದದ್ದು ನಮ್ಮ ಕಡೆಯೇ ಅಂತ ನಾನು ಹೇಳಿದೆ. ಅವರ ಮರುಕ ಕಡಿಮೆಯಾಗಲಿಲ್ಲ.

ನದಿ ದಂಡೆಯಲ್ಲೇ ಒಂದು ಹಳದಿ ಗೋಪುರ ಇದೆ. ಮನಸ್ಸಿನ ಸಮತೋಲ ತಪ್ಪಿದ ಕವಿ ಹೋಲ್ಡರ್ಲಿನ್ ಅಲ್ಲಿ 36 ವರ್ಷ ಇದ್ದ. ಬಡಗಿಯೊಬ್ಬನ ಕುಟುಂಬ ನೋಡಿಕೊಂಡಿತು. ಅವನು ಸತ್ತದ್ದು 1843ರ ಜೂನ್‌ನಲ್ಲಿ. ಅದೇ ಊರಲ್ಲಿ ಓದಿಹೋದ ಇನ್ನೊಬ್ಬ ಮಂಗಳೂರಿನಲ್ಲಿ ಪತ್ರಿಕೆ ಶುರು ಮಾಡಿದ್ದು ಸರಿಯಾಗಿ ಅದರ ಮುಂದಿನ ತಿಂಗಳು. ಇದಕ್ಕೆ ಅರ್ಥ ಏನೂ ಇಲ್ಲ, ಸುಮ್ನೆ ಕಾಕತಾಳೀಯ. ಆದರೂ ಗೋಪುರದ ಎದುರು ನಿಂತು ಲೆಕ್ಕ ಹಾಕಿದಾಗ ಇಬ್ಬರೂ ಒಂದು ಕ್ಷಣ ಮಾತು ನಿಲ್ಲಿಸಿದೆವು. ಕೆಳಗೆ ನೀರಿನಲ್ಲಿ ವಿದ್ಯಾರ್ಥಿಗಳು ಉದ್ದನೆ ದೋಣಿಯನ್ನು ಗಳುವಿನಿಂದ ತಳ್ಳಿಕೊಂಡು ಹೋಗುತ್ತಿದ್ದರು, ಕೈಯಲ್ಲಿ ಬಿಯರ್ ಬಾಟಲಿ.

ಅಷ್ಟರಲ್ಲಿ ಒಂದೂಕಾಲು ಗಂಟೆ. ಅಡುಗೆಮನೆಯ ಗಡಿಯಾರ ನೆನಪಾಯಿತು.

ಟ್ಯೂಬಿಂಗನ್ನಿನಲ್ಲಿ ನಾವು ತಿಂದದ್ದು ಬೇಳೆ ಮತ್ತು ಸ್ಪೆಟ್ಸ್ಲೆ. ಸ್ಪೆಟ್ಸ್ಲೆ ಅಂದರೆ ಗೋಧಿ ಹಿಟ್ಟು, ಮೊಟ್ಟೆ ಕಲಸಿ ಕುದಿಯುವ ನೀರಿಗೆ ಇಳಿಸಿದ ಗಿಡ್ಡ ಎಳೆಗಳು. ಕೈ ಪಳಗಿದವರು ಮರದ ಹಲಗೆಯ ಮೇಲೆ ಹಿಟ್ಟು ಹರಡಿ ಚಾಕುವಿನಿಂದ ಕೆರೆದು ನೀರಿಗೆ ಬೀಳಿಸುತ್ತಾರೆ. ಉಳಿದವರು ಒರಳಿನಲ್ಲಿ ಒತ್ತುತ್ತಾರೆ, ನಮ್ಮ ಶಾವಿಗೆ ಒರಳಿನಂಥದ್ದೇ, ತೂತು ಸ್ವಲ್ಪ ದೊಡ್ಡದು. ಅದರ ಪಕ್ಕಕ್ಕೆ ಬೇಯಿಸಿದ ಮಸೂರ. ಸ್ವಲ್ಪ ವಿನೆಗರ್ ಹುಳಿ, ಮೇಲೆ ಎರಡು ಉದ್ದನೆ ಸಾಸೇಜು. ಸಾಸೇಜು ಬೇಡ ಅಂದರೆ ಸಾಲದು, ಬೇಳೆಯೊಳಗೇ ಹಂದಿಮಾಂಸದ ಚೂರು ಹಾಕುವವರಿದ್ದಾರೆ. ಬಾಯಿ ಬಿಟ್ಟು ಕೇಳಬೇಕು. ಹಾಗೆಯೇ ಇಲ್ಲಿನ ಆಲೂಗಡ್ಡೆ ಸಲಾಡ್. ನೋಡಲು ಏನೂ ಪಾಪ ಅರಿಯದ ಹಾಗಿರುತ್ತದೆ, ಆದರೆ ಶ್ವಾಬೆನ್‌ನವರು ಅದನ್ನು ಮಾಂಸದ ಸಾರಿನಲ್ಲೇ ನೆನೆಸುವುದು ವಾಡಿಕೆ. ಸಸ್ಯಾಹಾರಿಗಳು ಸಿಕ್ಕಿಬೀಳುವುದು ಇಂಥ ಕಡೆಯೇ.

ಆ ಬೇಳೆಗೆ ಒಂದು ಕಥೆ ಇದೆ. ನೆಕರ್ ನದಿಯ ದಕ್ಷಿಣಕ್ಕೆ ಗೋಡೆ ಎದ್ದ ಹಾಗೆ ಕಾಣುವ ಸುಣ್ಣಕಲ್ಲಿನ ಎತ್ತರದ ನೆಲ ಇದೆ, ಶ್ವೇಬಿಶೆ ಆಲ್ಬ್. ಕಲ್ಲು ಜಾಸ್ತಿ, ಮಣ್ಣು ಕಡಿಮೆ. ಬಡವರ ಬೆಳೆ ಮಸೂರ. ಹೊರಗಿನಿಂದ ಅಗ್ಗದ ಬೇಳೆ ಬರಲು ಶುರುವಾದ ಮೇಲೆ, ಕಳೆದ ಶತಮಾನದ ನಡುಭಾಗದಲ್ಲಿ, ಇಲ್ಲಿನವರು ಬೆಳೆಯುವುದನ್ನೇ ಬಿಟ್ಟರು. ಸ್ಥಳೀಯ ತಳಿಯ ಬೀಜವೇ ಇಲ್ಲವಾಯಿತು. ಎಂಬತ್ತರ ದಶಕದಲ್ಲಿ ಒಂದು ರೈತ ಕುಟುಂಬ ಫ್ರಾನ್ಸಿನ ತಳಿ ತಂದು ಮತ್ತೆ ಬಿತ್ತಲು ಶುರು ಮಾಡಿತು. ಕಳೆದುಹೋದ ಸ್ವಂತ ತಳಿ ಸಿಕ್ಕಿದ್ದು 2006ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ವಾವಿಲೋವ್ ಸಂಸ್ಥೆಯ ಬೀಜ ಭಂಡಾರದಲ್ಲಿ. ಅಲ್ಲಿಂದ ಹಿಡಿಯಷ್ಟು ತಂದು ವರ್ಷ ವರ್ಷ ಹೆಚ್ಚಿಸಿ, ಈಗ ಊರ ಹೋಟೆಲಿನ ತಟ್ಟೆಗೆ ಬಂದಿದೆ. ಇದನ್ನೆಲ್ಲ ನಾನು ಹೇಳುತ್ತಿದ್ದಾಗ ಭಾವ ತಲೆ ಎತ್ತದೆ ತಿನ್ನುತ್ತಿದ್ದರು. ಮುಗಿಸಿ, "ಬೇಳೆ ಚೆನ್ನಾಗಿದೆ. ರಷ್ಯಾದವ್ರು ಬೀಜದ ಜೊತೆ ಒಂದ್ ಹಿಡಿ ಸಾಸಿವೆ, ಕರಿಬೇವು ಕಟ್ಟಿಕೊಟ್ಟಿದ್ರೆ ಇನ್ನೂ ಚೆನ್ನಾಗಿರೋದು" ಅಂದರು.

ಟ್ಯೂಬಿಂಗನ್ ಬಿಟ್ಟು ಪ್ಲೋಖಿಂಗನ್ ದಾಟಿದ ಮೇಲೆ ನದಿಯ ಬಣ್ಣವೇ ಬದಲಾಗುತ್ತದೆ. ಇಲ್ಲಿಂದ ಮಾನ್‌ಹೈಮ್‌ವರೆಗೆ ನೆಕರ್ ಸರಕು ದೋಣಿಗಳ ದಾರಿ. ಅದಕ್ಕಾಗಿ 27 ಕಡೆ ನೀರು ತಡೆದು ದೋಣಿ ಏರಿಸಿ ಇಳಿಸುವ ಕಟ್ಟೆಗಳಿವೆ. ಸ್ಟುಟ್‌ಗಾರ್ಟ್‌ವರೆಗಿನ ತುಂಡು ನೇರವಾಗಿ ಹೇಳಬೇಕೆಂದರೆ ಚೆಂದವಿಲ್ಲ. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಕಾರ್ಖಾನೆ, ಬಂದರು, ವಿದ್ಯುತ್ ಸ್ಥಾವರ. ಈ ಭಾಗವನ್ನು ರೈಲಿನಲ್ಲಿ ದಾಟಿದರೆ ಏನೂ ಕಳೆದುಕೊಳ್ಳುವುದಿಲ್ಲ, ಎಸ್ಲಿಂಗನ್ನಿನಲ್ಲಿ ಮಾತ್ರ ಇಳಿಯಬೇಕು. ಅಲ್ಲಿ 1330ರ ಆಸುಪಾಸಿನಲ್ಲಿ ಕಟ್ಟಿದ ಮರದ ಚೌಕಟ್ಟಿನ ಮನೆಗಳು ಸಾಲಾಗಿ ನಿಂತಿವೆ. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಈ ಊರಲ್ಲಿ.

ನಾವು ಎಸ್ಲಿಂಗನ್ನಿನಲ್ಲಿ ಮೌಲ್‌ಟಾಶೆನ್ ತಿಂದೆವು. ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಮಾಂಸ, ಪಾಲಕ್, ಈರುಳ್ಳಿ, ನೆನೆಸಿದ ಬ್ರೆಡ್ ಎಲ್ಲ ಅರೆದು ತುಂಬಿ ಮಡಚಿದ್ದು. ಮೌಲ್‌ಬ್ರಾನ್ ಮಠದ ಸನ್ಯಾಸಿಗಳು ಈಸ್ಟರ್ ಮುಂಚಿನ ಉಪವಾಸದಲ್ಲಿ ಮಾಂಸ ತಿನ್ನಲು ಹೂಡಿದ ಉಪಾಯ ಇದು ಅಂತ ಕಥೆ. ಹಿಟ್ಟಿನೊಳಗೆ ಮುಚ್ಚಿಟ್ಟರೆ ಮೇಲಿರುವ ದೇವರಿಗೆ ಕಾಣುವುದಿಲ್ಲವಂತೆ. ಈಗ ಇದಕ್ಕೆ ಯುರೋಪಿನ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆಯೂ ಇದೆ, 2009ರಿಂದ. ಮಾಂಸ ಇಲ್ಲದ ಮೌಲ್‌ಟಾಶೆನ್ ಈಗ ಎಲ್ಲ ಕಡೆ ಸಿಗುತ್ತದೆ. ಭಾವನ ತಟ್ಟೆಗೆ ಬಂದದ್ದು ಅದೇ, ಮೇಲೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿ. ತಟ್ಟೆ ಬಂದ ಕೂಡಲೇ ಒಂದನ್ನು ಬಿಡಿಸಿ ಒಳಗೆ ಇಣುಕಿದರು. "ದೇವ್ರಿಗೆ ಕಾಣ್ದಿದ್ರೂ ಪರವಾಗಿಲ್ಲ, ನನಗೆ ಕಾಣ್ಬೇಕು."

ಆ ರಾತ್ರಿ ಮನೆಗೇ ಹೋದೆವು. ಹೊಳೆಯಿಂದ ಮನೆ ದೂರವಿಲ್ಲ. ಅಕ್ಕ ಬಿಸಿಬೇಳೆಬಾತ್ ಮಾಡಿದ್ದಳು. ಸೈಕಲ್ ಪ್ರವಾಸದ ನಿಯಮಕ್ಕೆ ಇದು ಸರಿ ಬರುತ್ತದೋ ಇಲ್ಲವೋ ಅಂತ ಚರ್ಚೆ ಮಾಡುತ್ತ ಎರಡು ಸಲ ಬಡಿಸಿಕೊಂಡೆವು.

ಸ್ಟುಟ್‌ಗಾರ್ಟ್ ದಾಟಿದ ಮೇಲೆ ನೆಕರ್ ಮತ್ತೆ ನದಿಯ ಹಾಗೆ ಕಾಣುತ್ತದೆ. ಹೆಸಿಗ್‌ಹೈಮ್, ಬೆಸಿಗ್‌ಹೈಮ್ ಸುತ್ತ ದೊಡ್ಡ ದೊಡ್ಡ ತಿರುವು. ತಿರುವಿನ ಹೊರಬದಿಯಲ್ಲಿ ಬಂಡೆಯ ಕಡಿದಾದ ಗೋಡೆ, ಆ ಗೋಡೆಯ ಮೇಲೆ ದ್ರಾಕ್ಷಿ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಪುಟ್ಟ ಪುಟ್ಟ ಮೆಟ್ಟಿಲು ತೋಟಗಳು. ಟ್ರ್ಯಾಕ್ಟರ್ ಹತ್ತುವುದಿಲ್ಲ. ಎಲ್ಲ ಕೈಕೆಲಸ. ಹಗಲೆಲ್ಲ ಕಾದ ಕಲ್ಲು ರಾತ್ರಿ ಬಳ್ಳಿಯನ್ನು ಬೆಚ್ಚಗಿಡುತ್ತದೆ, ಅದಕ್ಕೇ ಇಷ್ಟು ಕಷ್ಟಪಟ್ಟು ಇಲ್ಲೇ ಬೆಳೆಯುವುದು. ಹೊಸ ತಲೆಮಾರಿನವರಿಗೆ ಈ ಕೆಲಸ ಬೇಡ, ಕೆಲವು ಗೋಡೆಗಳು ಕುಸಿದು ಪೊದೆ ಬೆಳೆದಿರುವುದು ದಾರಿಯಿಂದಲೇ ಕಾಣುತ್ತದೆ. ಮಲೆನಾಡಿನಲ್ಲಿ ಪಾಳುಬಿದ್ದ ಗದ್ದೆ ನೋಡಿದವರಿಗೆ ಇದು ಹೊಸದಲ್ಲ.

ಈ ಭಾಗದಲ್ಲಿ ಬೇಝನ್ ಹುಡುಕಬೇಕು. ದ್ರಾಕ್ಷಿ ಬೆಳೆದು ವೈನ್ ಮಾಡುವವರು ವರ್ಷದಲ್ಲಿ ಕೆಲವು ತಿಂಗಳು ತಮ್ಮ ಮನೆಯನ್ನೋ ಕೊಟ್ಟಿಗೆಯನ್ನೋ ಹೋಟೆಲು ಮಾಡುತ್ತಾರೆ. ಪ್ರತ್ಯೇಕ ಲೈಸೆನ್ಸ್ ಬೇಡ. ಆದರೆ ವರ್ಷಕ್ಕೆ ಒಟ್ಟು ನಾಲ್ಕೇ ತಿಂಗಳು, 40ಕ್ಕಿಂತ ಜಾಸ್ತಿ ಕುರ್ಚಿ ಇಡುವ ಹಾಗಿಲ್ಲ, ಮಾರುವ ವೈನ್ ತಮ್ಮದೇ ಆಗಿರಬೇಕು. ತೆರೆದಿದೆ ಅನ್ನುವುದಕ್ಕೆ ಗುರುತು, ಬಾಗಿಲ ಬಳಿ ತೂಗುಹಾಕಿದ ಒಂದು ಪೊರಕೆ. ಜಾಸ್ತಿ ತೆರೆದಿರುವುದು ಚಳಿಗಾಲದಲ್ಲಿ. ನಾವು ಹೋದ ಜೂನ್‌ನಲ್ಲಿ ಕಡಿಮೆ. ಅದಕ್ಕೆ ಮೊದಲೇ ವಿಚಾರಿಸಿಕೊಂಡು, ಆ ದಿನದ ದೂರವನ್ನೇ ಅದಕ್ಕೆ ತಕ್ಕ ಹಾಗೆ ಕಡಿಮೆ ಮಾಡಿಕೊಂಡಿದ್ದೆವು. ಬೆಸಿಗ್‌ಹೈಮ್ ಊರಿನ ಗೋಪುರಗಳನ್ನು ನಾವು ನೋಡಿದ್ದು ಪೊರಕೆ ಇರುವ ಮನೆ ಹುಡುಕುತ್ತ ಗಲ್ಲಿಗಳಲ್ಲಿ ಸುತ್ತಿದಾಗ.

ಅಲ್ಲಿ ಪ್ರತ್ಯೇಕ ಮೇಜು ಕೇಳುವ ರೂಢಿ ಇಲ್ಲ. ಉದ್ದನೆ ಬೆಂಚು, ಖಾಲಿ ಕಂಡಲ್ಲಿ ಒತ್ತಿಕೊಂಡು ಕೂರುವುದು. ಟ್ರಾಲಿಂಗರ್ ಅನ್ನುವ ತಿಳಿಗೆಂಪು ವೈನನ್ನು ಹಿಡಿಕೆ ಇರುವ ಗಾಜಿನ ಲೋಟದಲ್ಲಿ ಕೊಡುತ್ತಾರೆ, ಕಾಲು ಲೀಟರ್. ದೊಡ್ಡ ವೈನ್ ಪಂಡಿತರು ಟ್ರಾಲಿಂಗರ್ ಹೆಸರು ಕೇಳಿದರೆ ಮೂಗು ಮುರಿಯುತ್ತಾರೆ. ಸೈಕಲ್ ಇಳಿದು ಬಂದವನಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಭಾವ ಅದೇ ತೋಟದ ದ್ರಾಕ್ಷಿ ರಸ ಕುಡಿದರು, ಜೊತೆಗೆ ಚೀಸ್ ಸ್ಪೆಟ್ಸ್ಲೆ. ಎದುರು ಕೂತ ಎಂಬತ್ತರ ಹತ್ತಿರದ ಹಿರಿಯರು ನಮ್ಮನ್ನು ನೋಡಿ ಎಲ್ಲಿಂದ ಅಂತ ವಿಚಾರಿಸಿದರು. ಬೆಂಗಳೂರಿನ ಪಕ್ಕ ಅಂದೆ. "ಆಡುಗೋಡಿ!" ಅಂದರು ಅವರು. ಬಾಷ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು, ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಮೈಕೋ ಕಾರ್ಖಾನೆಗೆ ಬಂದಿದ್ದರಂತೆ. ಭಾವನ ಮುಖ ಅರಳಿತು. ನಾನು ನಡುವೆ ದುಭಾಷಿ. ಆಗಿನ ಹೊಸೂರು ರಸ್ತೆ, ಸಾಲುಮರ, ಜೂನ್‌ನ ಮಳೆ ಬಗ್ಗೆ ಇಬ್ಬರು ಅಪರಿಚಿತರು ಮುಕ್ಕಾಲು ಗಂಟೆ ಮಾತಾಡಿದರು. ಇಡ್ಲಿ ನೆನಪಿದೆಯಾ ಅಂತ ಭಾವ ಕೇಳಿದಾಗ ಹಿರಿಯರು ಕೈಯಲ್ಲೇ ಅದರ ಆಕಾರ ತೋರಿಸಿದರು.

ಲೌಫೆನ್ ತಲುಪಿದ ದಿನ ಕ್ರೈಸ್ತರ ಒಂದು ಹಬ್ಬ. ರಾಜ್ಯಕ್ಕೆಲ್ಲ ರಜೆ. ಅಂಗಡಿ ಇಲ್ಲ, ನಾವು ಹೋದ ಹೊತ್ತಿಗೆ ಬೇಕರಿಯೂ ಮುಚ್ಚಿತ್ತು. ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಸಿಕ್ಕ ಒಣ ಬ್ರೆಟ್ಸೆಲ್, ಬಾಳೆಹಣ್ಣು ಹಿಡಿದು ನದಿ ಪಕ್ಕ ಕೂತೆವು. ಹೋಲ್ಡರ್ಲಿನ್ ಹುಟ್ಟಿದ್ದು ಇಲ್ಲಿ, 1770ರಲ್ಲಿ. ಆದರೆ ಲೌಫೆನ್ ನನಗೆ ಮುಖ್ಯವಾದದ್ದು ಬೇರೆ ಕಾರಣಕ್ಕೆ. 1891ರ ಆಗಸ್ಟ್‌ನಲ್ಲಿ ಇಲ್ಲಿನ ಸಿಮೆಂಟ್ ಕಾರ್ಖಾನೆಯಲ್ಲಿ ನದಿಯ ನೀರಿನಿಂದ ಹುಟ್ಟಿಸಿದ ವಿದ್ಯುತ್ತನ್ನು 175 ಕಿಲೋಮೀಟರ್ ದೂರದ ಫ್ರಾಂಕ್‌ಫರ್ಟ್‌ಗೆ ತಂತಿಯಲ್ಲಿ ಕಳಿಸಿದರು. ಅಲ್ಲಿನ ವಸ್ತುಪ್ರದರ್ಶನದಲ್ಲಿ ಸಾವಿರ ಬಲ್ಬು ಹೊತ್ತಿದವು, ಒಂದು ಕೃತಕ ಜಲಪಾತವೂ ಓಡಿತು. ಮೂರು ಫೇಸಿನ ವಿದ್ಯುತ್ತನ್ನು ಅಷ್ಟು ದೂರ ಸಾಗಿಸಬಹುದು ಅಂತ ಜಗತ್ತಿಗೆ ಗೊತ್ತಾದದ್ದು ಆಗ. "ಶಿವನಸಮುದ್ರ?" ಅಂದರು ಭಾವ ತಕ್ಷಣ. ಲೆಕ್ಕ ಹಾಕಿದೆವು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದದ್ದು 1902ರಲ್ಲಿ, ಸುಮಾರು 147 ಕಿಲೋಮೀಟರ್. ನಡುವೆ ಹನ್ನೊಂದೇ ವರ್ಷ. ಕಾವೇರಿಯವರಿಗೆ ನೆಕರ್ ದಾರಿ ತೋರಿಸಿತು ಅಂತ ನಾನು. ಇವರಿಗಿಂತ ಕಷ್ಟದ ಜಾಗದಲ್ಲಿ ನಾವು ಮಾಡಿದ್ವಿ ಅಂತ ಅವರು. ಒಣ ಬ್ರೆಟ್ಸೆಲ್ ಅಷ್ಟರಲ್ಲಿ ಖಾಲಿಯಾಗಿತ್ತು.

ಲೌಫೆನ್‌ನಿಂದ ನದಿ ಬಿಟ್ಟು ಸ್ವಲ್ಪ ಪಶ್ಚಿಮಕ್ಕೆ ಹೋದರೆ ಬ್ರಾಕನ್‌ಹೈಮ್. ದ್ರಾಕ್ಷಿ ತೋಟಗಳ ನಡುವಿನ ಸಣ್ಣ ಪೇಟೆ. ಮೋಗ್ಲಿಂಗ್ 1811ರಲ್ಲಿ ಹುಟ್ಟಿದ್ದು ಅಲ್ಲಿ. ಹುಟ್ಟು, ಓದು, ಸಾವು ಮೂರೂ ಈ ಕಣಿವೆಯ ಸುತ್ತಮುತ್ತಲೇ, ನಡುವೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಮಂಗಳೂರು, ಕೊಡಗು. ನಾವು ಹೋದಾಗ ಐಸ್‌ಕ್ರೀಮ್ ಅಂಗಡಿ ಒಂದು ತೆರೆದಿತ್ತು. ಹಬ್ಬದ ದಿನ ಜರ್ಮನಿಯಲ್ಲಿ ನಂಬಬಹುದಾದ್ದು ಇಟಲಿಯವರ ಐಸ್‌ಕ್ರೀಮ್ ಅಂಗಡಿ ಒಂದನ್ನೇ.

ಹೈಲ್‌ಬ್ರಾನ್ 1944ರ ಡಿಸೆಂಬರ್ ಬಾಂಬ್ ದಾಳಿಯಲ್ಲಿ ನೆಲಸಮವಾಗಿ ಮತ್ತೆ ಕಟ್ಟಿದ ಊರು, ಅಲ್ಲಿ ನಿಲ್ಲಲಿಲ್ಲ. ಬಾಡ್ ವಿಂಫೆನ್‌ನಲ್ಲಿ ನಿಂತೆವು. ಇಡೀ ದಾರಿಯಲ್ಲಿ ಒಂದೇ ಊರಲ್ಲಿ ರಾತ್ರಿ ಕಳೆಯಬೇಕು ಅಂದರೆ ನಾನು ಹೇಳುವುದು ಇದನ್ನು. ಗುಡ್ಡದ ಅಂಚಿನಲ್ಲಿ ಹನ್ನೆರಡು-ಹದಿಮೂರನೆಯ ಶತಮಾನದ ಚಕ್ರವರ್ತಿಗಳ ಅರಮನೆಯ ಅವಶೇಷ, ಕಮಾನು ಕಿಟಕಿಗಳ ಸಾಲು, ಕೆಳಗೆ ನದಿ. ಸಂಜೆ ಪ್ರವಾಸಿ ಬಸ್ಸುಗಳು ಹೋದ ಮೇಲೆ ಗಲ್ಲಿಗಳು ಊರವರಿಗೆ ವಾಪಸ್ ಸಿಗುತ್ತವೆ. ಇಂಥ ಊರುಗಳಲ್ಲಿ ಸೈಕಲ್ಲಿನವರಿಗೆ ತಕ್ಕ ವಸತಿ ಅಂತ ಗುರುತಿನ ಫಲಕ ಹಾಕಿದ ಮನೆಗಳಿವೆ. ಒಂದೇ ರಾತ್ರಿಗೂ ಕೋಣೆ ಕೊಡುತ್ತಾರೆ, ಸೈಕಲ್ ಬೀಗ ಹಾಕಿಡಲು ಜಾಗ, ಒದ್ದೆ ಬಟ್ಟೆ ಒಣಗಿಸಲು ವ್ಯವಸ್ಥೆ ಇರುತ್ತದೆ.

ಅಲ್ಲಿಂದ ಮುಂದೆ ಕೋಟೆಯೋ ಕೋಟೆ. ಹಾರ್ನ್‌ಬರ್ಗ್ ಕೋಟೆ, ಯುದ್ಧದಲ್ಲಿ ಕೈ ಕಳೆದುಕೊಂಡು ಕಬ್ಬಿಣದ ಕೈ ಮಾಡಿಸಿಕೊಂಡ ಗ್ಯೋಟ್ಸ್ ಅನ್ನುವ ಯೋಧ ಇದ್ದು ಸತ್ತ ಜಾಗ. ಹಿರ್ಶ್‌ಹಾರ್ನ್‌ನಲ್ಲಿ ಒಂದು. ನೆಕರ್‌ಸ್ಟೈನಾಖ್‌ನಲ್ಲಿ ಒಂದೇ ಊರಿಗೆ ನಾಲ್ಕು. "ಇನ್ನು ಕೋಟೆ ತೋರಿಸ್ಬೇಡ, ಕೇಕ್ ತೋರ್ಸು" ಅಂದರು ಭಾವ. ಮಧ್ಯಾಹ್ನ ಮೂರರಿಂದ ಐದರವರೆಗೆ ಕೇಕು ಕಾಫಿಯ ಹೊತ್ತು. ಅಡುಗೆಮನೆ ಮುಚ್ಚಿದ್ದರ ಪರಿಹಾರ ಅದು. ಜೂನ್ ಆದ್ದರಿಂದ ರುಬಾರ್ಬ್ ಅನ್ನುವ ಹುಳಿ ದಂಟಿನ ಕೇಕು, ಮೇಲೆ ಮೊಟ್ಟೆಯ ಬಿಳಿ ನೊರೆ ಬೇಯಿಸಿ ಹಾಕಿದ್ದು. ಕೇಕಿನ ತುಂಡು ನಮ್ಮ ಬೇಕರಿಗಳ ತುಂಡಿನ ಎರಡರಷ್ಟು. ಸಿಹಿ ಕಡಿಮೆ, ಹುಳಿ ಮುಂದೆ. ಈ ಎಪ್ಪತ್ತು ಎಂಬತ್ತು ಕಿಲೋಮೀಟರಿನ ಕಾಡು, ಕೆಂಪು ಮರಳುಗಲ್ಲು, ನದಿಯ ತಿರುವು ಇವೆಲ್ಲ ಇಡೀ ದಾರಿಯಲ್ಲೇ ಅತಿ ಚೆಂದ. ಅದಕ್ಕೆ ಮಾತು ಜಾಸ್ತಿ ಬೇಕಿಲ್ಲ, ಹೋಗಿ ನೋಡಿ.

ಹೈಡೆಲ್‌ಬರ್ಗ್ ರೈಲು ನಿಲ್ದಾಣದಲ್ಲಿ ಅಕ್ಕ ಸಿಕ್ಕಳು, ಚಕ್ಕುಲಿ ಡಬ್ಬಿ ಸಮೇತ. ಕೋಟೆಗೆ ಹೋದೆವು, ಸುಮಾರು 2 ಲಕ್ಷ 20 ಸಾವಿರ ಲೀಟರ್ ಹಿಡಿಯುವ ವೈನ್ ಪೀಪಾಯಿ ನೋಡಿದೆವು. ಊರು ಸುಂದರ ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಮುಖ್ಯ ಬೀದಿಯ ಊಟ ಜನಜಂಗುಳಿಗೆ ಮಾಡಿದ ಊಟ. ಹಾಗಾಗಿ ಮರುದಿನ ಶ್ವೆಟ್ಸಿಂಗನ್ ಕಡೆ ಹೋದೆವು, ಬಿಳಿ ಷ್ಪಾರ್ಗೆಲ್, ಅಂದರೆ ಆಸ್ಪರಾಗಸ್, ತಿನ್ನಲು. ಮಣ್ಣು ಏರಿಸಿ ಬೆಳಕು ತಾಗದ ಹಾಗೆ ಬೆಳೆಸಿದ ದಂಟು ಇದು. ಜೂನ್ 24ಕ್ಕೆ ಕೊಯ್ಲು ನಿಲ್ಲಿಸುತ್ತಾರೆ, ಗಿಡ ಮುಂದಿನ ವರ್ಷಕ್ಕೆ ಸುಧಾರಿಸಿಕೊಳ್ಳಲಿ ಅಂತ. ಅಲ್ಲಿಯವರೆಗಿನ ಎರಡು ತಿಂಗಳು ಜರ್ಮನ್ನರಿಗೆ ಅದರದೇ ಹುಚ್ಚು. ಬೇಯಿಸಿದ ದಂಟು, ಬೆಣ್ಣೆಯ ಸಾಸು, ಆಲೂಗಡ್ಡೆ. ಅಕ್ಕ ಒಂದು ತುಂಡು ಬಾಯಿಗಿಟ್ಟು ನನ್ನ ಕಡೆ ನೋಡಿದಳು. "ಇದಕ್ಕೆ ಉಪ್ಪು ಹುಳಿ ಖಾರ ಯಾವಾಗ ಹಾಕ್ತಾರೆ?" ಹಾಕುವುದಿಲ್ಲ ಅಕ್ಕಾ, ಇದರ ಸೊಗಸೇ ಅದು ಅಂದೆ. ಬೆಳಿಗ್ಗೆ ಕಿತ್ತದ್ದನ್ನು ಮಧ್ಯಾಹ್ನ ತಿಂದರೆ ಒಂದು ತೆಳು ಸಿಹಿ ಇರುತ್ತದೆ. ನನಗೆ ಅದು ಹಿಡಿಸಲು ವರ್ಷಗಳೇ ಬೇಕಾದವು. ಅವಳು ಚಕ್ಕುಲಿ ಡಬ್ಬಿ ತೆಗೆದಳು.

ಮಾನ್‌ಹೈಮ್‌ನಲ್ಲಿ ನೆಕರ್ ರೈನ್ ನದಿಯನ್ನು ಸೇರುವ ಜಾಗ ನೋಡಲು ಏನೂ ಚೆಂದವಿಲ್ಲ. ಆಚೆ ದಡದಲ್ಲಿ ಲುಡ್‌ವಿಗ್ಸ್‌ಹಾಫನ್‌ನ ರಾಸಾಯನಿಕ ಕಾರ್ಖಾನೆಯ ಚಿಮಣಿಗಳು. ಆದರೆ ಸೈಕಲ್ ತುಳಿಯುವವರಿಗೆ ಮಾನ್‌ಹೈಮ್ ಒಂಥರಾ ಕ್ಷೇತ್ರ. 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ಅನ್ನುವವನು ಎರಡು ಚಕ್ರದ ಮರದ ಗಾಡಿಯ ಮೇಲೆ ಕೂತು, ಕಾಲಿನಿಂದ ನೆಲ ಒದೆಯುತ್ತ ಈ ಊರಿಂದ ಶ್ವೆಟ್ಸಿಂಗನ್ ದಾರಿಯ ಒಂದು ತಂಗುಮನೆವರೆಗೆ ಹೋಗಿ ಬಂದ. ಪೆಡಲ್ ಇರಲಿಲ್ಲ, ಚೈನ್ ಇರಲಿಲ್ಲ. ಆ ತಂಗುಮನೆ ಅಂಚೆ ಕುದುರೆಗಳನ್ನು ಬದಲಿಸುವ ಜಾಗವಾಗಿತ್ತು ಅನ್ನುವುದೇ ತಮಾಷೆ. ಹಿಂದಿನ ವರ್ಷ ಬೇಸಿಗೆಯೇ ಬಾರದೆ ಬೆಳೆ ಹೋಗಿ, ಕುದುರೆಗೆ ಓಟ್ಸ್ ದುಬಾರಿಯಾದದ್ದೇ ಈ ಗಾಡಿಗೆ ಕಾರಣ ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ. ಎಲ್ಲರೂ ಒಪ್ಪುವುದಿಲ್ಲ. ನನಗೆ ಒಪ್ಪಿಕೊಳ್ಳಲು ಇಷ್ಟ, ಯಾಕೆಂದರೆ ಆಗ ಸೈಕಲ್ಲಿನ ಹುಟ್ಟಿಗೂ ಹಸಿವೇ ಕಾರಣ ಅಂತಾಗುತ್ತದೆ.

ಮಾನ್‌ಹೈಮ್‌ನ ಇನ್ನೊಂದು ಕೊಡುಗೆ ಸ್ಪಗೆಟಿ ಐಸ್. 1969ರಲ್ಲಿ ಇಲ್ಲಿನ ಐಸ್‌ಕ್ರೀಮ್ ಅಂಗಡಿಯ ಡಾರಿಯೊ ಫೊಂಟನೆಲ್ಲಾ ವೆನಿಲ್ಲಾ ಐಸ್‌ಕ್ರೀಮನ್ನು ತಣ್ಣಗೆ ಮಾಡಿದ ಸ್ಪೆಟ್ಸ್ಲೆ ಒರಳಿಗೆ ಹಾಕಿ ಒತ್ತಿದ. ಎಳೆ ಎಳೆಯಾಗಿ ಬಂತು. ಮೇಲೆ ಸ್ಟ್ರಾಬೆರಿ ಸಾಸು ಟೊಮೆಟೊ ಹಾಗೆ, ಬಿಳಿ ಚಾಕೊಲೇಟ್ ತುರಿ ಚೀಸ್ ಹಾಗೆ. ಈಗ ಜರ್ಮನಿಯ ಎಲ್ಲ ಐಸ್‌ಕ್ರೀಮ್ ಅಂಗಡಿಗಳಲ್ಲೂ ಸಿಗುತ್ತದೆ. ಮೂವರೂ ಒಂದೊಂದು ತಟ್ಟೆ ತೆಗೆದುಕೊಂಡೆವು. ಭಾವ ಎರಡನೆಯದಕ್ಕೂ ಹೇಳಿದರು, ಅಕ್ಕ ನೋಡದ ಹಾಗೆ. ಅವಳ ಗಮನ ಬೇರೆ ಕಡೆ ಇತ್ತು. "ಆ ಒರಳು ಎಲ್ಲಿ ಸಿಗತ್ತೆ?" ಅಂದಳು.

ಊರಿನ ಪಾತ್ರೆ ಅಂಗಡಿಯಲ್ಲಿ ಸಿಕ್ಕಿತು. ಅಲ್ಯೂಮಿನಿಯಂದು, ಉದ್ದ ಹಿಡಿಕೆಯದು. ಈಗ ಅದು ಮೈಸೂರಿನಲ್ಲಿದೆ. ಮೊನ್ನೆ ಅದರಲ್ಲಿ ಒತ್ತಿದ ಅಕ್ಕಿ ಶಾವಿಗೆಯ ಫೋಟೋ ಬಂತು, ಪಕ್ಕದಲ್ಲಿ ಕಾಯಿಹಾಲು. ಎಳೆ ದಪ್ಪ ಬರುತ್ತದೆ ಅಂತ ಭಾವನ ತಕರಾರು. ಜರ್ಮನಿಯವರ ಒರಳಿಗೆ ಜರ್ಮನಿಯವರ ದಪ್ಪ, ಬೇಡವಾದರೆ ತಿನ್ನಬೇಡಿ ಅಂತ ಅಕ್ಕನ ಉತ್ತರ.